ಎರಡು ದಿನ ಬಾದಾಮಿಗೆ ಹೋಗಿ ಜಗಳವಿಲ್ಲದೆ ವಾಪಸ್ ಬರಬೇಕು, ಏನು ಮಾಡಲಿ?

ಗುಮ್ಮಟದ_ಪಕ್ಕದವ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ ಇದ್ದೇವೆ. ಅವ್ವನಿಗೆ 68, ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವು ಬೇರೆ. ನಾನು, ಹೆಂಡತಿ, 11 ವರ್ಷದ ಮಗಳು, 7 ವರ್ಷದ ಮಗ.

ಹೋದ ವರ್ಷ ದೀಪಾವಳಿ ರಜೆಯಲ್ಲಿ ಒಂದು ಕ್ರೂಸರ್ ಬಾಡಿಗೆಗೆ ಹಿಡಿದೆ. ತಂಗಿಯ ಮನೆಯವರೂ ಬಂದರು. ಒಂದೇ ದಿನಕ್ಕೆ ನಾನು ಹಾಕಿದ ಪಟ್ಟಿ ನೋಡಿ: ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ, ಬನಶಂಕರಿ. ಬಾಡಿಗೆ ಹೇಗೂ ಕೊಡುತ್ತೇವೆ, ಎಲ್ಲಾ ಮುಗಿಸಿಬಿಡೋಣ ಅನ್ನುವ ಲೆಕ್ಕ.

ಐಹೊಳೆ ಮುಟ್ಟುವಷ್ಟರಲ್ಲಿ ಮಗ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಅವ್ವನ ಮಾತ್ರೆ ದೊಡ್ಡ ಬ್ಯಾಗಿನಲ್ಲಿತ್ತು. ಬ್ಯಾಗು ಗಾಡಿಯ ಮೇಲೆ, ಬ್ಯಾಗಿನ ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಹಗ್ಗ. ಪಟ್ಟದಕಲ್ಲಿನಲ್ಲಿ ಹೆಂಡತಿ ಒಂದು ಗುಡಿಯನ್ನೂ ನೋಡದೆ ಮರದ ಕೆಳಗೆ ಕುಳಿತುಬಿಟ್ಟಳು. ಬಾದಾಮಿ ಮುಟ್ಟಿದಾಗ ಕತ್ತಲು, ಮೇಣಬಸದಿಯ, ಅಂದರೆ ಗವಿ ಗುಡಿಗಳ, ಗೇಟು ಬಂದ್. ರಾತ್ರಿ ಒಂದು ಗಂಟೆಗೆ ಮನೆ ಸೇರಿದೆವು. ಚಪ್ಪಲಿ ಬಿಡುತ್ತಾ ಅವಳು ಹೇಳಿದ್ದು ಇಷ್ಟೇ: "ಇನ್ನೊಮ್ಮೆ ನೀವೊಬ್ಬರೇ ಹೋಗಿ ಬರ್ರಿ."

ಈಗ ಡಿಸೆಂಬರ್‌ನಲ್ಲಿ ಎರಡು ದಿನ ಬಿಡುವು ಸಿಕ್ಕಿದೆ. ಬಾದಾಮಿಯಲ್ಲಿ ಒಂದು ರಾತ್ರಿ ಉಳಿಯುವ ಯೋಚನೆ. ಹೋಟೆಲ್ ಹೆಸರು ಕೇಳುತ್ತಿಲ್ಲ. ಪ್ರವಾಸ ಸಲೀಸಾಗಿ ಆಗಲಿ ಅಂತ ನೀವು ಮಾಡುವ ಸಣ್ಣ ಸಣ್ಣ ರೂಢಿಗಳು ಏನು, ಅಷ್ಟು ಹೇಳಿ ಸಾಕು.

ಕಿಟಕಿ_ಸೀಟು:

ಒಂದೇ ದಿನ ಏಳು ಊರು? ಸರ, ಅದು ಪ್ರವಾಸ ಅಲ್ಲ, ಟಪಾಲು ಹಂಚುವ ಕೆಲಸ.

ನಿವೃತ್ತ_ಕಂಡಕ್ಟರ್ (ಬಾಗಲಕೋಟೆ, ನವನಗರ):

31 ವರ್ಷ ಬಸ್ಸಿನಲ್ಲಿ ಮಂದಿ ನೋಡಿದ್ದೇನೆ. ಆರಾಮಾಗಿ ಹೋಗುವವರು, ಒದ್ದಾಡುವವರು ಯಾರು ಅಂತ ಅವರು ಬಸ್ ಹತ್ತುವಾಗಲೇ ಗೊತ್ತಾಗುತ್ತದೆ. ಒದ್ದಾಡುವವರ ಕೈಯಲ್ಲಿ ಮೂರು ಗಂಟು, ಬಾಯಲ್ಲಿ ಟಿಕೆಟ್ ದುಡ್ಡು, ಕಂಕುಳಲ್ಲಿ ಕೂಸು. ಆರಾಮಿನವರ ಒಂದು ಕೈ ಖಾಲಿ ಇರುತ್ತದೆ. ಆ ಖಾಲಿ ಕೈಯಿಂದ ಕಂಬಿ ಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ. ಒಬ್ಬರಿಗೆ ಒಂದು ಚೀಲ, ಅದನ್ನು ಅವರೇ ಹೊರಬೇಕು. ಏಳು ವರ್ಷದ ಹುಡುಗನೂ ತನ್ನ ನೀರಿನ ಬಾಟಲಿ, ಒಂದು ಜೊತೆ ಬಟ್ಟೆ ಹೊರಬಲ್ಲ.

ಸೀಟಿನ ವಿಷಯ. ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿಯುವ ಮಂದಿ ಹಿಂದಿನ ಗಾಲಿಯ ಮೇಲಿನ ಸೀಟು ಹಿಡಿದು, ಆಮೇಲೆ ದಾರಿಯುದ್ದಕ್ಕೂ ಡ್ರೈವರನನ್ನು ಬೈಯುತ್ತಾರೆ. ಕುಲುಕಾಟ ಕಡಿಮೆ ಬೇಕಾದರೆ ಎರಡು ಗಾಲಿಗಳ ನಡುವೆ ಕೂರಬೇಕು. ವಾಂತಿ ಮಾಡುವ ಹುಡುಗನಿಗೆ ಮುಂದಿನ ಕಡೆ, ದಾರಿ ಕಾಣುವ ಹಾಗೆ.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಸಾಮಾನ್ಯ ಬಸ್ಸಿನಲ್ಲಿ ನಿಮ್ಮ ತಾಯಿ, ಹೆಂಡತಿ, ಮಗಳು ಮೂವರಿಗೂ ಶೂನ್ಯ ಟಿಕೆಟ್. ವಿಜಯಪುರದ ಬಸ್ ಕಲ್ಯಾಣ ಕರ್ನಾಟಕ ಸಾರಿಗೆಯದ್ದು, ನಮ್ಮದು ವಾಯವ್ಯ ಸಾರಿಗೆಯದ್ದು, ಎರಡರಲ್ಲೂ ನಡೆಯುತ್ತದೆ. ಆದರೆ ಗುರುತಿನ ಚೀಟಿ ಎಲ್ಲೋ ತಳದಲ್ಲಿ ಇಟ್ಟುಕೊಂಡು, ಬಸ್ ತುಂಬಿದಾಗ ಚೀಲ ಅಗೆಯುತ್ತಾ ನಿಲ್ಲುವವರನ್ನು ದಿನಕ್ಕೆ ನೂರು ಮಂದಿ ನೋಡಿದ್ದೇನೆ. ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಚಿಲ್ಲರೆಯೂ ಹಾಗೆಯೇ.

ಇದೆಲ್ಲಾ ಆಮೇಲೆ. ಮೊದಲು ನಿಮ್ಮ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ.

ಬೈಕ್_ಬಸ್ಯಾ (ಬೆಳಗಾವಿ):

ನನಗಂತೂ ಈ ಪ್ಲಾನ್ ಗೀನ್ ಆಗಿಬರಲ್ಲ. ಶನಿವಾರ ಮನಸ್ಸಾಯಿತು, ಬೈಕ್ ಹತ್ತಿದೆ, ಚೋರ್ಲಾ ಘಾಟ್ ಇಳಿದು ಗೋವಾ. ಒಂದು ಟಿ ಶರ್ಟ್, ಒಂದು ಚಾರ್ಜರ್. ಪಟ್ಟಿ ಬರೆಯಲು ಕೂತರೆ ಅರ್ಧ ಮಜಾ ಅಲ್ಲೇ ಹೋಗುತ್ತದೆ. ಸುಮ್ನೆ ಹೊರಡಿ ಅಣ್ಣಾ.

ಇಳಕಲ್_ಸೆರಗು:

ತಮ್ಮಾ ಬಸ್ಯಾ, ನಿನ್ನ ಬೈಕಿನ ಹಿಂದೆ ಮೊಣಕಾಲು ನೋವಿನ ಅವ್ವ ಕೂತಿರಲ್ಲ, ವಾಂತಿ ಮಾಡುವ ಹುಡುಗ ಕೂತಿರಲ್ಲ. ಮದುವೆ ಆಗಿ ಎರಡು ಮಕ್ಕಳಾದ ಮೇಲೆ ಇದೇ ಮಾತು ಇಲ್ಲಿ ಬಂದು ಇನ್ನೊಮ್ಮೆ ಹೇಳು.

ಬೈಕ್_ಬಸ್ಯಾ (ಬೆಳಗಾವಿ):

ಅದಕ್ಕೇ ಮದುವೆ ಆಗಿಲ್ಲ ಅಕ್ಕಾ.

ಬುತ್ತಿ_ಪ್ರೇಮಿ (ಜಮಖಂಡಿ):

ಯಾರೂ ಮುಖ್ಯ ವಿಷಯಕ್ಕೆ ಬರುತ್ತಿಲ್ಲ. ಜಗಳದ ಮೂಲ ಹಸಿವು. ನಮ್ಮ ಮನೆಯ ರೂಢಿ: ಬುತ್ತಿ ಇಲ್ಲದೆ ಹೊಸಲು ದಾಟುವುದಿಲ್ಲ. ಖಡಕ್ ರೊಟ್ಟಿ ವಾರ ಇಟ್ಟರೂ ಏನೂ ಆಗಲ್ಲ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು, ನಾಲ್ಕು ಉಳ್ಳಾಗಡ್ಡಿ. ಮಧ್ಯಾಹ್ನಕ್ಕೆ ದಪಾಟಿ. ಮೊಸರನ್ನ ಕಟ್ಟುವುದಾದರೆ ಅನ್ನಕ್ಕೆ ಹಾಲು ಜಾಸ್ತಿ ಹಾಕಿ, ಮೊಸರು ಒಂದು ಚಮಚ ಮಾತ್ರ ಕಲಸಿ. ಹಾಲು ಚೆನ್ನಾಗಿ ಆರಿರಬೇಕು. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬಂದಿರಲ್ಲ. ಶೇಂಗಾ ಹೋಳಿಗೆ ಇದ್ದರೆ ಮಕ್ಕಳು ಬಿಸ್ಕೀಟು ಕೇಳುವುದೇ ಇಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಉಣ್ಣುವಾಗಿನ ರುಚಿ ಯಾವ ಹೋಟೆಲಿನಲ್ಲಿ ಬರುತ್ತದೆ ಹೇಳಿ. ಹೊಟ್ಟೆ ತಂಪಾದರೆ ಪ್ರವಾಸ ತಂಪು.

ಕಿಟಕಿ_ಸೀಟು:

ಮಧ್ಯಾಹ್ನದ ಹೊತ್ತಿಗೆ ಇದನ್ನು ಓದಬಾರದಿತ್ತು.

ಇಳಕಲ್_ಸೆರಗು:

ಬಹಳ ಚೆನ್ನಾಗಿ ಬರೆದಿರಿ ಬುತ್ತಿಯವರೇ. ಒಂದು ಸಣ್ಣ ಪ್ರಶ್ನೆ. ಮೂರು ಬಗೆಯ ಚಟ್ನಿ, ದಪಾಟಿ, ಮೊಸರನ್ನ, ಹೋಳಿಗೆ. ಆರು ಗಂಟೆಗೆ ಗಾಡಿ ಅಂದರೆ ಇದನ್ನೆಲ್ಲಾ ಮಾಡಲು ಮನೆಯಲ್ಲಿ ಎಷ್ಟಕ್ಕೆ ಏಳುತ್ತಾರೆ? ಯಾರು ಏಳುತ್ತಾರೆ?

ನಾನೇ ಹೇಳುತ್ತೇನೆ. ರಾತ್ರಿ ಹನ್ನೊಂದರ ತನಕ ಬಟ್ಟೆ ಜೋಡಿಸಿ, ಮೂರಕ್ಕೆ ಎದ್ದು ಒಲೆ ಹಚ್ಚಿ, ಬುತ್ತಿ ಕಟ್ಟಿ, ಪಾತ್ರೆ ತಿಕ್ಕಿ, ಮಕ್ಕಳನ್ನು ತಯಾರು ಮಾಡಿ, ಅತ್ತೆಯ ಮಾತ್ರೆ ಎಣಿಸಿ. ಆರಕ್ಕೆ ಯಜಮಾನರು ಎದ್ದು, ಸ್ನಾನ ಮಾಡಿ, ಬಾಗಿಲಲ್ಲಿ ನಿಂತು "ಇನ್ನೂ ಆಗಲಿಲ್ಲೇನ?" ಅನ್ನುತ್ತಾರೆ. ಗಾಡಿ ಹತ್ತಿದಾಗ ಅವರಿಗೆ ಪ್ರವಾಸ ಶುರು. ನಮಗೆ ಮೂರು ತಾಸಿನ ಕೆಲಸ ಆಗಲೇ ಮುಗಿದಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ನೆಲ ತಂಪಾಗಿದೆ ಅನ್ನಿಸಿದ ಮೊದಲ ಜಾಗದಲ್ಲಿ ಕೂತುಬಿಡುತ್ತೇವೆ. ಪಟ್ಟದಕಲ್ಲಿನ ಮರದ ಕೆಳಗೆ ಅವರು ಯಾಕೆ ಕೂತರು ಅಂತ ನನಗಂತೂ ಗೊತ್ತಾಯಿತು. ಗುಮ್ಮಟದವರೇ, ನಿಮ್ಮ ಮನೆಯವರು ಅವತ್ತು ಎಷ್ಟಕ್ಕೆ ಎದ್ದಿದ್ದರು?

ಗುಮ್ಮಟದ_ಪಕ್ಕದವ:

ಅಕ್ಕಾ, ಈಗ ಹೋಗಿ ಕೇಳಿ ಬಂದೆ. ಮೂರೂವರೆಗೆ ಎದ್ದಿದ್ದಳಂತೆ. ಹತ್ತು ಜನಕ್ಕೆ ಬುತ್ತಿ. ನಾನು ಎದ್ದದ್ದು ಐದೂಮುಕ್ಕಾಲಿಗೆ.

ಇನ್ನೊಂದು ನೆನಪಾಯಿತು, ಬರೆಯಲು ನಾಚಿಕೆ. ಅವಳು ಆ ಮರದ ಕೆಳಗೆ ಕೂತಿದ್ದಾಗ ನಾನು ಹೋಗಿ ಕೇಳಿದ್ದು, "ಚಟ್ನಿ ಪುಡಿ ಯಾವ ಡಬ್ಬಿಯಲ್ಲಿದೆ?"

ಕಿಟಕಿ_ಸೀಟು:

ಅಯ್ಯೋ ದೇವರೇ.

ಬುತ್ತಿ_ಪ್ರೇಮಿ (ಜಮಖಂಡಿ):

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಮನೆಯಲ್ಲಿ ಶೇಂಗಾ ಹುರಿದು ಚಟ್ನಿ ಕುಟ್ಟುವವನು ನಾನೇ.

ಇಳಕಲ್_ಸೆರಗು:

ಒಳ್ಳೆಯದು. ರೊಟ್ಟಿ ಬಡಿಯುವವರು?

ಬುತ್ತಿ_ಪ್ರೇಮಿ (ಜಮಖಂಡಿ):

ಅದು ನನಗೆ ಬರುವುದಿಲ್ಲ. ಅಂಚು ಒಡೆಯುತ್ತದೆ.

ನಿವೃತ್ತ_ಕಂಡಕ್ಟರ್:

ಈಗ ಖಡಕ್ ರೊಟ್ಟಿ ಎಲ್ಲಾ ಊರಲ್ಲೂ ಕಟ್ಟು ಕಟ್ಟಿ ಮಾರುತ್ತಾರೆ, ಚಟ್ನಿ ಪುಡಿಯೂ ಅದೇ ಅಂಗಡಿಯಲ್ಲಿ ಸಿಗುತ್ತದೆ. ಎರಡು ದಿನ ಮುಂಚೆ ಕೊಂಡು ಇಟ್ಟರೆ ಮುಗಿಯಿತು. ಬುತ್ತಿಯೂ ಆಯಿತು, ನಿದ್ದೆಯೂ ಆಯಿತು. ಬನಶಂಕರಿಯಲ್ಲಂತೂ ಬುತ್ತಿ ಬೇಡವೇ ಬೇಡ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಚಟ್ನಿ, ಮೊಸರು. ಕಲ್ಲಿನ ಮೇಲೆ ಕೂತು ಉಂಡು ಬರಬೇಕು.

ಔಷಧ_ಅಂಗಡಿಯವನು (ಬೆಳಗಾವಿ):

ವಾಂತಿ ಮತ್ತು ಮಾತ್ರೆ ನನ್ನ ಪಾಲಿಗೆ ಬಿಡಿ.

ಮಗ ಗಾಡಿಯಲ್ಲಿ ಮೊಬೈಲ್ ನೋಡುತ್ತಿದ್ದನಾ? ಬಹುಪಾಲು ಮಕ್ಕಳದ್ದು ಇದೇ ಕಥೆ. ಕಿವಿಯ ಒಳಭಾಗ "ಅಲ್ಲಾಡುತ್ತಿದ್ದೇನೆ" ಅನ್ನುತ್ತದೆ. ಕಣ್ಣು ಮಾತ್ರ ನಿಂತಿರುವ ಪರದೆ ನೋಡಿ "ಇಲ್ಲ, ಸುಮ್ನೆ ಕೂತಿದ್ದೇನೆ" ಅನ್ನುತ್ತದೆ. ಎರಡೂ ಹೊಂದದೆ ಮಿದುಳು ಗಲಿಬಿಲಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ಎರಡು ವರ್ಷದಿಂದ ಹನ್ನೆರಡರ ತನಕ ಮಕ್ಕಳಲ್ಲಿ ಇದು ಜಾಸ್ತಿ. ಮೊಬೈಲ್ ಕೊಡಬೇಡಿ, ದೂರದ ಗುಡ್ಡ ನೋಡಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಪೂರಾ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಪೂರಿಯೂ ಬೇಡ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮುಂಚೆಯೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೇ ಹೊರಗೆ ಬರುತ್ತದೆ. ಎಷ್ಟು ಕೊಡಬೇಕು ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ, ಗಾಡಿ ಓಡಿಸುವವರು ನುಂಗಬಾರದು.

ನಿಮ್ಮ ತಾಯಿಯದು ಇದಕ್ಕಿಂತ ಮುಖ್ಯ. ಸಕ್ಕರೆ ಮಾತ್ರೆ ತಗೊಂಡು ಊಟ ತಡವಾದರೆ ಸಕ್ಕರೆ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ತಲೆ ತಿರುಗುವುದು. ಮಂದಿ ಬಿಸಿಲಿಗೆ ಹೀಗಾಯಿತು ಅಂದುಕೊಂಡು ನೆರಳಲ್ಲಿ ಕೂರಿಸುತ್ತಾರೆ. ಕೂರಿಸುವುದಷ್ಟೇ ಸಾಲದು, ಕೂಡಲೇ ಸಕ್ಕರೆಯೋ ಗ್ಲೂಕೋಸೋ ಬಾಯಿಗೆ ಹಾಕಬೇಕು. ಅದು ಅವರ ಕೈಚೀಲದಲ್ಲೇ ಇರಲಿ. ಮಾತ್ರೆಯೂ ಅಲ್ಲೇ, ಎರಡು ದಿನದ್ದು ಜಾಸ್ತಿ ಇರಲಿ, ಜೊತೆಗೆ ಡಾಕ್ಟರ ಚೀಟಿಯ ಫೋಟೋ ಮೊಬೈಲಿನಲ್ಲಿ. ಇನ್ಸುಲಿನ್ ಇದ್ದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಕುಂದಾ_ನಗರಿ (ಬೆಳಗಾವಿ):

ಮಾತ್ರೆ ಎಲ್ಲಾ ಯಾಕ್ರೀ. ಒಂದು ನಿಂಬೆಹಣ್ಣು ಮೂಸಿದರೆ ಸಾಕು, ನಮ್ಮಜ್ಜಿ ಅದನ್ನೇ ಮಾಡಿಸುತ್ತಿದ್ದಳು.

ಔಷಧ_ಅಂಗಡಿಯವನು:

ಮೂಸಲಿ, ತಪ್ಪೇನಿಲ್ಲ. ಹಸಿ ಶುಂಠಿ ಚೂರು ಚಪ್ಪರಿಸಿದರೂ ಕೆಲವರಿಗೆ ಹಿತ ಅನಿಸುತ್ತದೆ. ಆದರೆ ನಿಂಬೆಹಣ್ಣು ಮೂಸುತ್ತಾ ಮೊಬೈಲ್ ನೋಡಿದರೆ ನಿಂಬೆಹಣ್ಣು ಪಾಪ ಏನು ಮಾಡುತ್ತದೆ?

ಹಳಿ_ಹುಚ್ಚ (ಬಾಗಲಕೋಟೆ):

ರೈಲು ಯಾಕೆ ಯಾರೂ ಹೇಳಲಿಲ್ಲ? ವಿಜಯಪುರದಿಂದ ಬಾದಾಮಿಗೆ ನೇರ ಹಳಿ ಇದೆ. ಆಲಮಟ್ಟಿ ದಾಟಿದ ಮೇಲೆ ಕೃಷ್ಣಾ ಸೇತುವೆ. ಆ ನೀರು ನೋಡಿದರೆ ನಿಮ್ಮ ಮಗ ಮೊಬೈಲ್ ತಾನೇ ಕೆಳಗಿಡುತ್ತಾನೆ. ಓಡಾಡಬಹುದು, ಶೌಚಾಲಯ ಇದೆ, ಕುಲುಕಾಟ ಕಡಿಮೆ. ಒಂದೇ ತೊಡಕು ಅಂದರೆ ಬಾದಾಮಿ ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್ ದೂರ. ಆಟೋ, ಟಂಟಂ ಇರುತ್ತವೆ. ಮೊದಲು ಬಂದ ಆಟೋಕ್ಕೆ ಮುಗಿಬೀಳಬೇಡಿ, ಐದು ನಿಮಿಷ ನಿಂತು ನೀರು ಕುಡಿಯಿರಿ, ಗದ್ದಲ ಇಳಿಯುತ್ತದೆ, ಬಾಡಿಗೆಯೂ ಇಳಿಯುತ್ತದೆ.

ದೂರದ ಊರಿಗೆ ಹೋಗುವವರಿಗೆ ಒಂದು ಮಾತು. ರೈಲು ರಿಸರ್ವೇಷನ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು, 2024ರ ನವೆಂಬರ್‌ನಿಂದ 60 ದಿನ. ಹಳೆಯ ಲೆಕ್ಕದಲ್ಲಿ ಕೂತು ಮೋಸ ಹೋಗಬೇಡಿ. ನಡುವಿನ ಬರ್ತ್ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮಾತ್ರ ಬಿಚ್ಚಬಹುದು. ಇದೊಂದು ಗೊತ್ತಿದ್ದರೆ ರೈಲಿನ ಅರ್ಧ ಜಗಳ ಇರಲ್ಲ.

ಕುಂದಾ_ನಗರಿ (ಬೆಳಗಾವಿ):

ರೈಲು ಅಂದಾಗ ನೆನಪಾಯಿತು. ಬಾಗಲಕೋಟೆಯಲ್ಲಿ ಅತ್ತೆಮನೆಗೆ ಹೋಗಿದ್ದೆ. ವಾಪಸ್ ಬೆಂಗಳೂರಿಗೆ ಹೋಗಲು ಬಸವ ಎಕ್ಸ್‌ಪ್ರೆಸ್ ಹತ್ತಿದೆ. ಕಣ್ಣು ಬಿಟ್ಟರೆ ಸ್ಟೇಷನ್ ಬೋರ್ಡಿನಲ್ಲಿ ಸೊಲ್ಲಾಪುರ! ಎದೆ ಧಸಕ್ ಅಂದಿತು, ತಪ್ಪು ಗಾಡಿ ಹತ್ತಿದೆ ಅಂತ ಬ್ಯಾಗು ಎಳೆದುಕೊಂಡು ಬಾಗಿಲಿಗೆ ಓಡಿದೆ. ಎದುರಿನ ಅಜ್ಜ ನಗುತ್ತಾ, "ಕೂಡು ತಮ್ಮಾ, ಈ ಗಾಡಿ ಬೆಂಗಳೂರಿಗೆ ಹಿಂಗ ಹೋಗತೈತಿ" ಅಂದರು.

ಹಳಿ_ಹುಚ್ಚ (ಬಾಗಲಕೋಟೆ):

ಹೌದು, ಅದು ಬಾಗಲಕೋಟೆಯಿಂದ ಉತ್ತರಕ್ಕೆ ವಿಜಯಪುರ, ಸೊಲ್ಲಾಪುರ. ಅಲ್ಲಿಂದ ಕಲಬುರಗಿ, ರಾಯಚೂರು, ಗುಂತಕಲ್ ಸುತ್ತಿ ಬೆಂಗಳೂರು. ಅವಸರ ಇಲ್ಲದವರ ಗಾಡಿ. ಹತ್ತುವ ಮುಂಚೆ ದಾರಿಯ ಊರುಗಳನ್ನು ಒಮ್ಮೆ ಓದಿಕೊಳ್ಳುವುದೂ ಒಂದು ರೂಢಿಯೇ ಅಲ್ವಾ.

ಬೈಕ್_ಬಸ್ಯಾ (ಬೆಳಗಾವಿ):

ನೋಡಿದಿರಾ, ಅದಕ್ಕೇ ಬೈಕ್.

ಕಲ್ಲು_ಓದುವವ (ಗುಳೇದಗುಡ್ಡ):

ನಾನು ಶಾಲೆ ಮಕ್ಕಳನ್ನು ಈ ಊರುಗಳಿಗೆ ಕರೆದುಕೊಂಡು ಹೋಗುತ್ತಾ ಬಂದಿದ್ದೇನೆ. ಡಿಸೆಂಬರ್ ಅಂದರೆ ಶಾಲೆ ಪ್ರವಾಸದ ಕಾಲ. ಬೆಳಿಗ್ಗೆ ಹತ್ತು ದಾಟಿದರೆ ಪಟ್ಟದಕಲ್ಲಿನ ಮುಂದೆ ಸಾಲು ಸಾಲು ಬಸ್ಸು. ನೀವು ಬೇಗ ಹೋಗಿ ಹತ್ತಕ್ಕೆ ಹೊರಬನ್ನಿ.

ನಾನು ಮಕ್ಕಳಿಗೆ ಕಲಿಸುವ ಒಂದು ರೂಢಿ ಇದೆ. ಎಲ್ಲಾ ಗುಡಿ ನೋಡಬೇಡಿ, ಒಂದೇ ಗುಡಿ ನೋಡಿ. ಪಟ್ಟದಕಲ್ಲಿನಲ್ಲಿ ಹತ್ತು ಗುಡಿ ಇವೆ, 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಓಡಿ ಓಡಿ ಹತ್ತನ್ನೂ ನೋಡಿ ಬಂದ ಮಗುವನ್ನು ಮರುದಿನ ಕೇಳಿದರೆ "ಕಲ್ಲು ಇತ್ತು ಸರ್" ಅನ್ನುತ್ತದೆ. ವಿರೂಪಾಕ್ಷ ಗುಡಿ ಒಂದನ್ನೇ ಆರಿಸಿ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಒಂದು ಕಂಬದ ಮುಂದೆ ಹತ್ತು ನಿಮಿಷ ಕೂರಿಸಿ. ರಾಮಾಯಣ, ಮಹಾಭಾರತದ ಕಥೆ ಕಂಬದ ಮೇಲೆಯೇ ಇದೆ. ಮಗಳಿಗೆ ಹುಡುಕಲು ಹೇಳಿ, ನೀವು ಹೇಳಬೇಡಿ.

ಬಾದಾಮಿ ಮೇಣಬಸದಿಗೆ ಮೆಟ್ಟಿಲು ಇವೆ. ನಾಲ್ಕು ಗವಿ. ಮೂರನೆಯದು ದೊಡ್ಡದು, ಅಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನ ಇದೆ. ನಿಮ್ಮ ತಾಯಿಗೆ ಕಷ್ಟವಾದರೆ ಮೊದಲನೆಯದು ನೋಡಿ ಇಳಿಯಲಿ. ಅಗಸ್ತ್ಯ ತೀರ್ಥದ ಆಚೆ ದಂಡೆಯ ಭೂತನಾಥ ಗುಡಿಗೆ ಹೆಚ್ಚು ಹತ್ತಿ ಇಳಿಯುವುದಿಲ್ಲ, ನೀರು ನೋಡುತ್ತಾ ಕೂರಬಹುದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ. ಅಲ್ಲಿನ ಮಂಗಗಳಿಗೆ ಚೀಲ ಅಂದರೆ ತಿಂಡಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಕುಂದಾ_ನಗರಿ (ಬೆಳಗಾವಿ):

ಐಹೊಳೆ ಬಿಡಬೇಡಿ. ಅಲ್ಲಿನ ದುರ್ಗಾದೇವಿ ಗುಡಿ ಬಹಳ ಚೆಂದ ಇದೆ.

ಕಲ್ಲು_ಓದುವವ:

ಅದು ದೇವಿಯ ಗುಡಿ ಅಲ್ಲ. ಹತ್ತಿರ ಕೋಟೆ ಇತ್ತು. ದುರ್ಗ ಅಂದರೆ ಕೋಟೆ, ಅದರಿಂದ ಬಂದ ಹೆಸರು. ಪ್ರತಿ ವರ್ಷ ಇದೊಂದನ್ನು ಎಷ್ಟು ಜನಕ್ಕೆ ಹೇಳುತ್ತೇನೋ ಲೆಕ್ಕವಿಲ್ಲ. ಇನ್ನು ಐಹೊಳೆ ಬಿಡಬೇಡಿ ಅಂದರೆ ಇವರು ಮತ್ತೆ ಏಳು ಊರಿಗೆ ಹೋಗುತ್ತಾರೆ. ಬಿಡಲಿ. ಸಾವಿರದ ಮುನ್ನೂರು ವರ್ಷ ನಿಂತ ಗುಡಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಕಿಟಕಿ_ಸೀಟು:

ಅದಿರಲಿ ಗುಮ್ಮಟದ ಪಕ್ಕದವರೇ, ನಿಮ್ಮ ಪಕ್ಕದ ಗುಮ್ಮಟವನ್ನು ಹತ್ತಿ ಎಷ್ಟು ವರ್ಷ ಆಯಿತು?

ಗುಮ್ಮಟದ_ಪಕ್ಕದವ:

ಏಳನೇ ಇಯತ್ತೆಯಲ್ಲಿ ಶಾಲೆಯವರು ಹತ್ತಿಸಿದ್ದರು. ಆಮೇಲೆ ಇಲ್ಲ. ದಿನಾ ಕಾಣುತ್ತದೆ ಅಲ್ವಾ, ಹೋದ ಹಾಗೆಯೇ ಅನಿಸುತ್ತದೆ.

ಕಿಟಕಿ_ಸೀಟು:

ಹಾಗಾದರೆ ನನ್ನ ಸಲಹೆ ಇದು. ಬಾದಾಮಿಗೆ ಮುಂಚೆ ಒಂದು ಭಾನುವಾರ ನಿಮ್ಮದೇ ಊರಲ್ಲಿ ಅರ್ಧ ದಿನ ತಾಲೀಮು ಮಾಡಿ. ಅದೇ ಐದು ಜನ, ಒಬ್ಬರಿಗೊಂದು ಚೀಲ, ಟಾಂಗಾ ಹಿಡಿದು ಗೋಲಗುಮ್ಮಟ, ಇಬ್ರಾಹಿಂ ರೋಜಾ, ಅಷ್ಟೇ. ಯಾರಿಗೆ ಎಷ್ಟೊತ್ತಿಗೆ ಹಸಿವು, ಯಾರು ಎಷ್ಟು ನಡೆಯುತ್ತಾರೆ, ಯಾವ ಚಪ್ಪಲಿ ಕಚ್ಚುತ್ತದೆ, ಎಲ್ಲಾ ಗೊತ್ತಾಗುತ್ತದೆ. ಹೊಸ ಚಪ್ಪಲಿ ಹಾಕಿಕೊಂಡು ಪ್ರವಾಸಕ್ಕೆ ಹೋಗುವುದು ನಮ್ಮ ಮಂದಿಯ ದೊಡ್ಡ ಚಟ. ಗುಮ್ಮಟಕ್ಕೆ ಮಾತ್ರ ಬೆಳ್ಳಂಬೆಳಿಗ್ಗೆ ಹೋಗಿ. 1656ರಲ್ಲಿ ಮುಗಿದ ಕಟ್ಟಡ, ಪಿಸುಮಾತು ಆ ಕಡೆಯಿಂದ ಈ ಕಡೆಗೆ ಕೇಳುತ್ತದೆ ಅಂತ ಜಗತ್ತಿಗೇ ಗೊತ್ತು. ಹತ್ತು ಗಂಟೆ ದಾಟಿದರೆ ಕೇಳುವುದು ಬರೀ ಕೂಗಾಟ, ಅದೂ ಏಳು ಏಳು ಸಲ.

ನವನಗರದ_ಸೊಸೆ:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಮ್ಮ ಮನೆಯ ರೂಢಿ ಹೇಳುತ್ತೇನೆ. ಬೀರುವಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ. ಚಾರ್ಜರ್, ಆಧಾರ್, ಮಾತ್ರೆ, ಟಾರ್ಚ್, ಹಗ್ಗ, ಎರಡು ಖಾಲಿ ಚೀಲ, ಹೀಗೆ. ಪ್ರತಿ ಸಲ ಮರೆತು ಬಂದದ್ದನ್ನು ಸೇರಿಸುತ್ತೇವೆ, ಸುಮ್ನೆ ಹೊತ್ತು ತಂದದ್ದನ್ನು ಹೊಡೆದು ಹಾಕುತ್ತೇವೆ. ನಾಲ್ಕು ವರ್ಷದಲ್ಲಿ ಚೀಟಿ ಅರ್ಧ ಆಗಿದೆ.

ಇನ್ನೊಂದು. ನಮ್ಮ ಅತ್ತೆ ಪ್ರತಿ ಸಲ ಬೀಳಗಿ ದಾಟಿದ ಮೇಲೆ "ಗ್ಯಾಸ್ ಬಂದ್ ಮಾಡಿದಿಯೇನ?" ಅಂತ ಕೇಳುತ್ತಿದ್ದರು. ಒಮ್ಮೆ ವಾಪಸ್ ಬಂದು ನೋಡಿದ್ದೂ ಇದೆ, ಬಂದೇ ಇತ್ತು. ಈಗ ಹೊರಡುವಾಗ ಸಿಲಿಂಡರಿನ ಗುಂಡಿ, ನಲ್ಲಿ, ಬೀಗ ಮೂರರದ್ದೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಕೇಳಿದ ಕೂಡಲೇ ತೋರಿಸುತ್ತೇನೆ. ಅತ್ತೆ ಆರಾಮಾಗಿ ನಿದ್ದೆ ಮಾಡುತ್ತಾರೆ.

ಇಳಕಲ್_ಸೆರಗು:

ಫೋಟೋ ಐಡಿಯಾ ಬಹಳ ಹಿಡಿಸಿತು. ಇಂದಿನಿಂದ ನಂದೂ ಇದೇ.

ಬುತ್ತಿ_ಪ್ರೇಮಿ (ಜಮಖಂಡಿ):

ಬರುವಾಗ ಅಮೀನಗಡದ ಕರದಂಟು ಮರೆಯಬೇಡಿ.

ಕುಂದಾ_ನಗರಿ (ಬೆಳಗಾವಿ):

ಕರದಂಟು ಅಂದರೆ ಗೋಕಾಕ. ಮತ್ತೆ ಸಿಹಿ ಅಂದರೆ ಕುಂದಾ. ಚರ್ಚೆ ಮುಗಿಯಿತು.

ಬುತ್ತಿ_ಪ್ರೇಮಿ (ಜಮಖಂಡಿ):

ಮುಗಿಯಲಿಲ್ಲ. ನಿಮ್ಮ ಕುಂದಾ ಪ್ರವಾಸಕ್ಕೆ ನಡೆಯುತ್ತದಾ? ಬಿಸಿಲಿಗೆ ಮರುದಿನವೇ ವಾಸನೆ. ಕರದಂಟು ಹದಿನೈದು ದಿನ ಚೀಲದಲ್ಲಿ ಇರುತ್ತದೆ.

ನಿವೃತ್ತ_ಕಂಡಕ್ಟರ್:

ಇಬ್ಬರೂ ಇಳಿಯಿರಿ, ಸ್ಟಾಪ್ ಬಂತು. ಗುಮ್ಮಟದವರು ಯಾವಾಗ ಹೊರಡುತ್ತಾರೋ ಹೇಳಲಿ.

ಗುಮ್ಮಟದ_ಪಕ್ಕದವ:

(ಹನ್ನೆರಡು ದಿನಗಳ ನಂತರ)

ಹೋಗಿ ಬಂದೆವು. ಎಲ್ಲರೂ ಮಾತಾಡುತ್ತಿದ್ದೇವೆ, ಮೊದಲು ಅದು ಹೇಳಿಬಿಡುತ್ತೇನೆ.

ತಾಲೀಮು ಮಾಡಿದೆವು. ಭಾನುವಾರ ಬೆಳಿಗ್ಗೆ ಗುಮ್ಮಟ. ಅವ್ವ ಕೆಳಗೆ ಹುಲ್ಲಿನ ಮೇಲೆ ಕೂತಳು, ನಾವು ನಾಲ್ವರು ಹತ್ತಿದೆವು. ಮಗಳ ಹೊಸ ಚಪ್ಪಲಿ ನಾಲ್ಕನೇ ಅಂತಸ್ತಿನಲ್ಲೇ ಕಚ್ಚಿತು. ಮೇಲೆ ಮಗ ಗೋಡೆಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದ. ಆ ಕಡೆ ನಿಂತಿದ್ದ ನನ್ನ ಹೆಂಡತಿ ನಗಲು ಶುರು ಮಾಡಿದಳು. ಏನು ಹೇಳಿದ ಅಂತ ಇಬ್ಬರೂ ಇವತ್ತಿನ ತನಕ ಹೇಳಿಲ್ಲ.

ಬಾದಾಮಿಗೆ ಬೆಳಗಿನ ರೈಲು. ಹಿಂದಿನ ದಿನ ಸಂಜೆಯೇ ಚೀಲ ಬಾಗಿಲ ಹತ್ತಿರ ಇತ್ತು. ಖಡಕ್ ರೊಟ್ಟಿ, ಚಟ್ನಿ ಪುಡಿ ಅಂಗಡಿಯಿಂದ. ಬೆಳಿಗ್ಗೆ ಚಹಾ ಮಾಡಿದ್ದು ನಾನು. ಹೆಂಡತಿ ಎದ್ದದ್ದು ಐದೂಕಾಲಿಗೆ. ಎದ್ದವಳು ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಏನು ಕೆಲಸ ಮಾಡಬೇಕು ಅಂತ ತಿಳಿಯದವಳ ಹಾಗೆ. ಇಳಕಲ್ ಅಕ್ಕಾ, ಇದನ್ನು ನಿಮಗೆ ಹೇಳಬೇಕು ಅನಿಸಿತು.

ಗ್ಯಾಸಿನ ಫೋಟೋ ತೆಗೆದೆ. ಕೃಷ್ಣಾ ಸೇತುವೆ ಬಂದಾಗ ಮಗ ಕಿಟಕಿ ಬಿಡಲಿಲ್ಲ. ವಾಂತಿ ಇಲ್ಲ. ಮಧ್ಯಾಹ್ನ ರೂಮಿನಲ್ಲಿ ಎರಡು ತಾಸು ಮಲಗಿದೆವು. ಪ್ರವಾಸಕ್ಕೆ ಹೋಗಿ ಹಗಲು ಮಲಗಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು, ಒಳಗೊಳಗೆ ದುಡ್ಡು ದಂಡ ಅನಿಸುತ್ತಿತ್ತು, ಸುಳ್ಳು ಯಾಕೆ. ಬಿಸಿಲು ಇಳಿಯುವ ಹೊತ್ತಿಗೆ ಮೇಣಬಸದಿ. ಅವ್ವ ಮೊದಲ ಗವಿಯ ನಟರಾಜನನ್ನು ನೋಡಿ ಕೈ ಮುಗಿದು ಅಲ್ಲೇ ಕೂತಳು. ಮಂಗವೊಂದು ಮಗಳ ಬಾಟಲಿ ಕಿತ್ತುಕೊಂಡು ಹೋಯಿತು. ಬಾಟಲಿಗೂ ಚೀಲದ ನಿಯಮವೇ ಅನ್ವಯ, ಸೇರಿಸಿಕೊಳ್ಳಿ.

ಮರುದಿನ ಬೆಳಿಗ್ಗೆ ಪಟ್ಟದಕಲ್ಲು. ಒಂದೇ ಗುಡಿ. ಮಗಳು ಕಂಬದ ಮೇಲೆ ಜಟಾಯುವನ್ನು ಹುಡುಕಿದಳು. ಅದೇ ಮರದ ಕೆಳಗೆ ಹೆಂಡತಿ ಮತ್ತೆ ಕೂತಳು. ಈ ಸಲ ನಾನೂ ಕೂತೆ, ಯಾವ ಡಬ್ಬಿಯ ವಿಷಯವನ್ನೂ ಎತ್ತಲಿಲ್ಲ. ಬನಶಂಕರಿಯಲ್ಲಿ ಬುಟ್ಟಿ ರೊಟ್ಟಿ. ಐಹೊಳೆ ಬಿಟ್ಟೆವು. ಬರುವಾಗ ಬಸ್ಸು, ಎರಡು ಗಾಲಿಗಳ ನಡುವಿನ ಸೀಟು.

ಒಂದೇ ಎಡವಟ್ಟು. ಅವ್ವನ ಆಧಾರ್ ರೂಮಿನಲ್ಲಿ ಮರೆತು ಬಂದು ಆಟೋದಲ್ಲಿ ವಾಪಸ್ ಓಡಿದೆ. ಕಾಕಾ, ನಿಮ್ಮನ್ನು ನೆನೆಸಿಕೊಂಡೆ.

ನಿವೃತ್ತ_ಕಂಡಕ್ಟರ್:

ನೆನೆಸಿಕೊಂಡಿರಿ, ಆದರೆ ಮಾತು ಕೇಳಲಿಲ್ಲ. ಇರಲಿ.

ಇಳಕಲ್_ಸೆರಗು:

ಐದೂಕಾಲು! ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ.

ಬೈಕ್_ಬಸ್ಯಾ (ಬೆಳಗಾವಿ):

ಅಣ್ಣಾ, ಆ ಮಧ್ಯಾಹ್ನದ ನಿದ್ದೆ ಮಾತ್ರ ನನಗೂ ಇಷ್ಟ ಆಯಿತು.

ಗುಮ್ಮಟದ_ಪಕ್ಕದವ:

ಈಗ ಹೊಸ ಸಮಸ್ಯೆ. ಅವ್ವನಿಗೆ ಹುರುಪು ಬಂದಿದೆ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗೋಣ ಅನ್ನುತ್ತಿದ್ದಾಳೆ.

ನಿವೃತ್ತ_ಕಂಡಕ್ಟರ್:

ಹುಣ್ಣಿಮೆ ದಿನ ಬೇಡ. ಲಕ್ಷಗಟ್ಟಲೆ ಮಂದಿ, ಬಸ್ಸು ನಿಲ್ಲಲು ಜಾಗ ಇರಲ್ಲ. ಒಂದು ವಾರ ಬಿಟ್ಟು ಮಂಗಳವಾರ, ಶುಕ್ರವಾರ ತಪ್ಪಿಸಿ ಹೋಗಿ. ನಿಮ್ಮ ತಾಯಿ ಆರಾಮಾಗಿ ದರ್ಶನ ಮಾಡುತ್ತಾರೆ.

ಗುಮ್ಮಟದ_ಪಕ್ಕದವ:

ಓದಿ ಹೇಳಿದೆ ಕಾಕಾ. "ಮಂದಿ ಇಲ್ಲದ ಜಾತ್ರಿಗೆ ಯಾಕ ಹೋಗಬೇಕ?" ಅಂತ ಕೇಳುತ್ತಿದ್ದಾಳೆ.

ನಿವೃತ್ತ_ಕಂಡಕ್ಟರ್:

ಹಾಗಾದರೆ ಗ್ಲೂಕೋಸ್ ಎರಡು ಪಾಕೀಟು ಇಟ್ಟುಕೊಳ್ಳಿ.